ಮೋಡದ ನೆರಳಿನ ಕೌದಿ

ನನ್ನ ಬಾಯಿ ಸ್ವಲ್ಪ ಜೋರು. ಬೀರೂರಿನ ನಮ್ಮ ಬೀದಿಯವರನ್ನು ಕೇಳಿದರೆ ‘ಸ್ವಲ್ಪ’ ಅನ್ನುವುದನ್ನು ತೆಗೆದುಹಾಕುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು ನಾನು. ಅಳತೆ ರವಿಕೆ ಕೊಡದೆ ‘ನಿಮಗೇ ಗೊತ್ತಲ್ಲ’ ಅಂತ ಹೇಳಿ ಹೋಗಿ, ಆಮೇಲೆ ತೋಳು ಬಿಗಿ ಅಂತ ಬರುವವರ ಜೊತೆ ಮೆತ್ತಗೆ ಮಾತಾಡಿಕೊಂಡು ಅಂಗಡಿ ನಡೆಸುವುದಕ್ಕಾಗುವುದಿಲ್ಲ. ಆದರೆ ಹೋದ ವರ್ಷ ಒಂದು ಕೌದಿಯ ವಿಷಯದಲ್ಲಿ ಆಡಿದ ಮಾತು ನನ್ನನ್ನೇ ಒಂದು ಬೆಳಗ್ಗೆ ಪೂರ್ತಿ ಹುರಿದುಹಾಕಿತು. ಸದ್ಯ, ಎಲ್ಲ ಸರಿಹೋಯಿತು. ಸರಿಹೋಗದಿದ್ದರೆ ಇದನ್ನು ಬರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಕಡೂರಿನಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ರವಿಕೆ ಹೊಲಿಸುವುದಕ್ಕೆ ನನ್ನ ಹತ್ತಿರವೇ ಬರುತ್ತಾರೆ. ಹೊಸ ಕ್ಲಿನಿಕ್ ಕಟ್ಟಿಸಿ, ನೋಡಲು ನನ್ನನ್ನು ಅಲ್ಲಿಗೆ ಕರೆಸಿದ್ದರು. ರೋಗಿಗಳು ಕಾಯುವ ಕೋಣೆಯ ಗೋಡೆ ಬೋಳಾಗಿದೆ, ಅದಕ್ಕೆ ದೊಡ್ಡದೊಂದು ಕೌದಿ ಹೊಲಿದುಕೊಡಿ ಅಂತ ಕೇಳಿದರು.

‘ಹೂವು, ನವಿಲು, ಆನೆ ಯಾವ್ದೂ ಬೇಡ ಕಣ್ರೀ. ನಮ್ ಕಡೆ ನೆಲ ನೋಡ್ದಂಗೆ ಇರ್ಬೇಕು. ಆದ್ರೆ ಇದು ಮರ, ಇದು ಮನೆ ಅಂತ ಬೆರಳಿಟ್ಟು ತೋರ್ಸೋ ಹಾಗಿರಬಾರ್ದು’ ಅಂದರು.

ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದೆ. ಬೀರೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಹೆದರಿಕೆ ಶುರುವಾಯಿತು. ಮರವೂ ಅಲ್ಲ, ಮನೆಯೂ ಅಲ್ಲ, ಆದರೆ ನೆಲದ ಹಾಗಿರಬೇಕು ಅಂದರೆ ಏನು ಮಾಡುವುದು? ನನಗೆ ಗೊತ್ತಿರುವುದು ರವಿಕೆಯ ಕತ್ತು, ತೋಳು, ಕಟೋರಿ. ಆದರೂ ಆಗುವುದಿಲ್ಲ ಅನ್ನಲು ಮನಸ್ಸು ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನಗೆ ‘ನಿಮಗೆ ತೋಚಿದ ಹಾಗೆ ಮಾಡಿ’ ಅಂದಿರಲಿಲ್ಲ.

ತೋಚಿದ್ದು ರೈಲಿನಲ್ಲಿ. ನನ್ನ ತವರು ಅಜ್ಜಂಪುರ. ಬೀರೂರಿನಿಂದ ರೈಲು ಹತ್ತಿದರೆ ಕಿಟಕಿಯ ಆಚೆ ಮೊದಲು ಕೆಂಪು ನೆಲ, ಅಲ್ಲಲ್ಲಿ ತೆಂಗು. ಆಮೇಲೆ ಕೆಂಪು ತೆಳುವಾಗುತ್ತಾ ಬಂದು, ಅಜ್ಜಂಪುರ ಹತ್ತಿರವಾಗುತ್ತಿದ್ದ ಹಾಗೆ ನೆಲ ಕಪ್ಪಗೆ ಎರೆಮಣ್ಣಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇ. ಆವತ್ತು ಉತ್ತು ಬಿಟ್ಟ ಹೊಲಗಳ ಮೇಲೆ ಒಂದು ದೊಡ್ಡ ಮೋಡದ ನೆರಳು ನಮ್ಮ ರೈಲಿನ ಜೊತೆ ಓಡುತ್ತಾ ಬರುತ್ತಿತ್ತು. ಕೆಂಪಿನ ಮೇಲೆ ಹೋದಾಗ ಹಣ್ಣಾದ ನೇರಳೆಯ ಬಣ್ಣ, ಹುಲ್ಲಿನ ಮೇಲೆ ಹೋದಾಗ ಪಾಚಿಯ ಬಣ್ಣ, ಎರೆಹೊಲಕ್ಕೆ ಬಂದಾಗ ಇದೆಯೋ ಇಲ್ಲವೋ ಅನ್ನುವ ಹಾಗೆ. ಬದುಗಳೆಲ್ಲ ಹೊಲಿಗೆ ಹಾಕಿದ ಗೆರೆಗಳಾಗಿ ಕಂಡವು. ಇಷ್ಟೇ ತಾನೆ ಡಾಕ್ಟರಮ್ಮ ಕೇಳಿದ್ದು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನಿಂದ ಪೆನ್ನು ಇಸಿದುಕೊಂಡು ಟಿಕೆಟ್ಟಿನ ಹಿಂದೆ ನಾಲ್ಕು ಗೆರೆ ಎಳೆದೆ. ‘ಏನ್ ಸೈಟ್ ನೋಡ್ತಿದೀರಾ?’ ಅಂತ ಆಕೆ ಕೇಳಿದಳು.

ಬಟ್ಟೆಯ ಬಣ್ಣಕ್ಕೆ ಬಹಳ ಒದ್ದಾಡಿದೆ. ಅಂಗಡಿಯಲ್ಲಿ ಸಿಗುವ ಯಾವ ಕಂದು ಬಣ್ಣವೂ ನಮ್ಮ ಮಣ್ಣಿನ ಹಾಗೆ ಕಾಣಲಿಲ್ಲ. ಕೊನೆಗೆ ತರೀಕೆರೆಯ ಗಿರಾಕಿಯೊಬ್ಬರು ಒಂದು ಕ್ಯಾನ್ ಚೊಗರು ತಂದುಕೊಟ್ಟರು. ಅಡಿಕೆ ಬೇಯಿಸಿದ ನೀರು ಬತ್ತಿ ಗಟ್ಟಿಯಾದದ್ದಕ್ಕೆ ಚೊಗರು ಅನ್ನುತ್ತೇವೆ. ಹಳೆಯ ಬಿಳಿ ಪಂಚೆಗಳನ್ನು ಅದರಲ್ಲಿ ಅದ್ದಿ ಒಣಹಾಕಿದರೆ ಬೀರೂರಿನ ಕೆಂಪು ಹೊಲದ ಬಣ್ಣ ಕೂತಿತು. ಒಂದಷ್ಟನ್ನು ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿಗೆ ಹಾಕಿದೆ, ಅಜ್ಜಂಪುರದ ಎರೆಮಣ್ಣು ಬಂತು. ಹಿತ್ತಲಿನ ತಂತಿಯ ಮೇಲೆ ಅವೆರಡನ್ನೂ ಅಕ್ಕಪಕ್ಕ ನೋಡಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದೂ ತಿಳಿಯಲಿಲ್ಲ.

ಇನ್ನು ಉಳಿದದ್ದು ಹೊಲಿಗೆ. ಇಲ್ಲಿ ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅತ್ತೆಗೆ ಎಪ್ಪತ್ತೈದರ ಹತ್ತಿರ. ಬಾಯಲ್ಲಿ ಸದಾ ಎಲೆಯಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ಒಂದು ಕಾಲಕ್ಕೆ ಆಕೆ ಹೊಲಿದ ಕೌದಿ ಮೇಲೆ ಮಲಗದ ಮಗು ನಮ್ಮ ಬೀದಿಯಲ್ಲಿ ಇರಲಿಲ್ಲವಂತೆ. ಕಣ್ಣು ಮಂಜಾಯಿತು ಅಂತ ನಾಲ್ಕು ವರ್ಷದ ಹಿಂದೆ ಬಿಟ್ಟಿದ್ದರು. ಆಮೇಲೆ ಕಣ್ಣಿನ ಆಪರೇಷನ್ನೂ ಆಗಿತ್ತು, ಆದರೆ ಸೂಜಿ ಮಾತ್ರ ಮುಟ್ಟಿರಲಿಲ್ಲ. ನಾನು ಮಿಷನ್ನಿನವಳು. ಮೂರು ಪದರದ ಕೌದಿಗೆ ಮಿಷನ್ ನಡೆಯುವುದಿಲ್ಲ, ಕೈಹೊಲಿಗೆಯೇ ಆಗಬೇಕು. ಅಂಚಿನಿಂದ ಶುರುಮಾಡಿ ನಾಲ್ಕೂ ಕಡೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸಬೇಕು.

ಜೋಡಿಸಿದ ತುಂಡುಗಳನ್ನು ನಡುಮನೆಯಲ್ಲಿ ಹಾಸಿ ಅತ್ತೆಗೆ ತೋರಿಸಿದೆ. ‘ಕೈಹೊಲಿಗೆ ನೀವ್ ಹಾಕ್ಕೊಡ್ತೀರಾ ಅತ್ತೆ?’ ಅಂದೆ.

ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. ‘ಇದೇನೇ ಇದು, ಸೊಟ್ಟಪಟ್ಟ? ಮೂಲೆಗೆ ಮೂಲೆ ಕೂಡಿಲ್ಲ. ಮಗೂನ ಮಲಗ್ಸೋಕಾ?’

‘ಅಲ್ಲ, ಗೋಡೆಗೆ ನೇತುಹಾಕೋಕೆ.’

‘ಗೋಡೆಗೆ ಚಳಿ ಆಗುತ್ತಾ? ನಾನು ಮನುಷ್ಯರಿಗೆ ಹೊಲ್ದೋಳು ಕಣೇ. ನಂಗ್ ಬೇಡ’ ಅಂತ ಹೇಳಿ ಎಲೆಗೆ ಸುಣ್ಣ ಸವರುತ್ತಾ ಜಗಲಿಗೆ ಹೋದರು.

ನನಗೂ ಕೋಪ ಬಂತು. ಬೇಡವಾದರೆ ಬೇಡ, ಯಾರ ಕಾಲಿಗೂ ಬೀಳುವುದಿಲ್ಲ ಅಂದುಕೊಂಡು ನಾನೇ ಕೂತೆ. ದಿನಾ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಎರಡು ಗಂಟೆ ಹೊಲಿಯುತ್ತಿದ್ದೆ. ಮೊದಲ ವಾರ ನನ್ನ ಹೊಲಿಗೆ ನನಗೇ ನೋಡಲಾಗಲಿಲ್ಲ. ಒಂದು ಉದ್ದ, ಒಂದು ಗಿಡ್ಡ, ಎಲ್ಲ ಕುಡಿದವನ ನಡಿಗೆ.

ಎರಡನೆಯ ವಾರ ಪವಾಡ ನಡೆಯಿತು. ಬೆಳಗ್ಗೆ ಕೌದಿ ಬಿಡಿಸಿ ನೋಡಿದರೆ ಹಿಂದಿನ ದಿನ ಹಾಕಿದ ಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗೆ ಸಣ್ಣಗೆ, ಸಾಲಾಗಿ ಇರುತ್ತಿತ್ತು. ಹೊಲಿಯುವಾಗ ಒರಟು ಅನ್ನಿಸಿದ್ದು ಮಾರನೆಯ ದಿನ ಚಂದ ಕಾಣುತ್ತಿತ್ತು. ಕೆಲಸವೂ ಬೇಗ ಸಾಗುತ್ತಿತ್ತು. ಹೊಲಿಯುವಾಗ ಸುಮ್ಮನೆ ಒರಟು ಅನ್ನಿಸಿರಬೇಕು, ಮಾರನೆಯ ದಿನದ ಹೊತ್ತಿಗೆ ದಾರ ಕೂತುಕೊಳ್ಳುತ್ತದೆ, ನನ್ನ ಕೈಯೂ ಪಳಗಿದೆ ಅಂತ ಬೀಗಿದೆ. ಬೀಗಿ ಸುಮ್ಮನಿರಬಾರದೇ? ಅತ್ತೆಯನ್ನು ಕರೆದು ತೋರಿಸಿದೆ.

‘ನೋಡಿ ಅತ್ತೆ, ನನ್ ಕೈಹೊಲಿಗೆ ಎಷ್ಟು ಸಣ್ಣಗ್ ಬರ್ತಿದೆ. ನೀವ್ ಬೇಡ ಅಂದಿದ್ದೇ ಒಳ್ಳೇದಾಯ್ತು.’

ಅತ್ತೆ ಬಗ್ಗಿ ನೋಡಿ, ‘ಹ್ಞೂಂ, ಪರವಾಗಿಲ್ಲ’ ಅಂದರು.

ಹೀಗೆ ಐದು ವಾರ ಕಳೆಯಿತು. ನಡುವೆ ಒಂದು ಗೇಣಿನಷ್ಟು ಮಾತ್ರ ಉಳಿದಿತ್ತು, ಆ ಮೋಡದ ನೆರಳಿನ ಭಾಗ. ಬುಧವಾರ ಡಾಕ್ಟರಮ್ಮನಿಗೆ ಕೊಡುತ್ತೇನೆ ಅಂತ ಹೇಳಿದ್ದೆ. ಶನಿವಾರ ಬೆಳಗ್ಗೆ ಕೌದಿ ಬಿಡಿಸಿದರೆ, ಚೊಗರು ಬಣ್ಣದ ಹೊಲದ ಮೇಲೆ ಕೆಂಪು ಕಲೆಗಳು. ಒಂದಲ್ಲ, ಎರಡಲ್ಲ, ಸಾಲಾಗಿ ಏಳೆಂಟು. ಬೆರಳು ಒತ್ತಿದ ಹಾಗೆ. ನೀರು ಹಚ್ಚಿ ಉಜ್ಜಿದೆ, ಹೋಗಲಿಲ್ಲ.

ಹಿಂದಿನ ದಿನ ಶುಕ್ರವಾರ. ಎದುರು ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದಿದ್ದಳು, ಕೌದಿ ನೋಡಬೇಕು ಅಂದಿದ್ದಳು. ಕುಂಕುಮದ ಕೈಯಲ್ಲಿ ಮುಟ್ಟಿದ್ದಾಳೆ ಅಂತ ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟೆ. ಕೇಳಲಿಲ್ಲ, ವಿಚಾರಿಸಲಿಲ್ಲ. ಬಾಗಿಲಿಗೆ ಬಂದು ನಿಂತು, ಆಕೆಯ ಮನೆಯ ಕಡೆಗೇ ಮುಖ ಮಾಡಿಕೊಂಡು ಗಟ್ಟಿಯಾಗಿ ಅಂದೆ:

‘ಯಾರು ಮುಟ್ಟಿದ್ರೋ, ಅವ್ರ ಕೈ ಸೇದ್ಹೋಗ.’

ಎದುರು ಮನೆಯ ಕಿಟಕಿ ಪಟ್ಟೆಂದು ಮುಚ್ಚಿಕೊಂಡಿತು. ಅತ್ತೆ ಜಗಲಿಯಲ್ಲಿ ಕೂತಿದ್ದರು, ತಲೆ ಎತ್ತಲಿಲ್ಲ. ನಾನು ಕೌದಿಯನ್ನು ಮಡಿಸಿ ಟ್ರಂಕಿನ ಮೇಲೆ ಎಸೆದೆ. ಮಾರನೆಯ ದಿನ ಭಾನುವಾರ ಅಜ್ಜಂಪುರದಲ್ಲಿ ನನ್ನ ಅಣ್ಣನ ಮನೆಯ ಗೃಹಪ್ರವೇಶ. ನಾನೂ ಯಜಮಾನರೂ ಬೆಳಗ್ಗೆ ಹೋಗಿ ಸಂಜೆಗೆ ಬಂದೆವು. ‘ನಂಗ್ ಕಾಲ್ ನೋವು, ನೀವ್ ಹೋಗ್ಬನ್ನಿ’ ಅಂತ ಅತ್ತೆ ಮನೆಯಲ್ಲೇ ಉಳಿದರು. ಕೌದಿಯ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಸೋಮವಾರ ಬೆಳಗ್ಗೆ ಅತ್ತೆಗೆ ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡವರು ಬಿಟ್ಟುಬಿಟ್ಟರು. ಕಾಫಿ ಸೀರೆಯ ಮೇಲೆಲ್ಲ ಚೆಲ್ಲಿತು.

‘ಏನಾಯ್ತು ಅತ್ತೆ?’

‘ಗೊತ್ತಿಲ್ಲ ಕಣೇ. ಬಲಗೈ ಜೋಮು ಹಿಡ್ದಂಗಿದೆ. ಲೋಟ ಹಿಡ್ದಿದ್ದೇ ಗೊತ್ತಾಗ್ಲಿಲ್ಲ.’

ಬಲಗೈ ಹಿಡಿದು ನೋಡಿದೆ. ತಣ್ಣಗಿತ್ತು. ನನ್ನ ಬೆರಳು ಹಿಡಿದು ಹಿಸುಕಿ ಅಂದೆ, ಮಗುವಿನ ಹಿಡಿತದಷ್ಟೂ ಇರಲಿಲ್ಲ. ಕೈ ಸೇದ್ಹೋಗ, ಸ್ವಾಧೀನ ತಪ್ಪಿ ಬಿದ್ದುಹೋಗಲಿ ಅಂದು ಎರಡೇ ದಿನ ಆಗಿತ್ತು. ನಾನು ಶಾಪ ಗೀಪ ನಂಬುವವಳಲ್ಲ. ಆದರೆ ನಂಬುವುದಿಲ್ಲ ಅನ್ನುವುದು ಕಾಫಿ ಚೆಲ್ಲುವ ಮುಂಚಿನ ಮಾತು. ನನ್ನ ಮಾತು ಎದುರು ಮನೆಗೆ ಹೋಗದೆ ತಿರುಗಿ ಒಳಗೆ ಬಂದು ಈ ಮುದುಕಿಯ ಕೈ ಹಿಡಿದಿದೆ ಅಂತಲೇ ನನಗನ್ನಿಸಿತು. ಲಕ್ವ ಹೊಡೆದರೆ ಬಾಯಿ ಸೊಟ್ಟಗಾಗುತ್ತದೆ ಅಂತ ಕೇಳಿದ್ದೆ.

‘ಅತ್ತೆ, ಒಂಚೂರ್ ನಗಿ ನೋಡೋಣ.’

‘ನಗೋ ಅಂಥದ್ದೇನಾಗಿದ್ಯೇ ಈಗ?’

‘ಸುಮ್ನೆ ನಗಿ ಅತ್ತೆ, ದಮ್ಮಯ್ಯ.’

ಅತ್ತೆ ನಕ್ಕರು. ಎಲೆಯಡಿಕೆಯ ಹಲ್ಲೆಲ್ಲ ಕಂಡಿತು, ಬಾಯಿ ನೆಟ್ಟಗೇ ಇತ್ತು. ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಯಜಮಾನರು ರೈಲ್ವೆಯಲ್ಲಿ, ಬೆಳಗಿನ ಪಾಳಿಗೆ ಹೋಗಿಬಿಟ್ಟಿದ್ದರು. ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ, ಅತ್ತೆಯನ್ನು ಕೂರಿಸಿಕೊಂಡು ಕಡೂರಿಗೆ ಹೊರಟೆ. ದಾರಿಯುದ್ದಕ್ಕೂ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಉಜ್ಜುತ್ತಿದ್ದೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಅಷ್ಟೂ ಡಬ್ಬಿ ದಾಟುವವರೆಗೆ ಮನಸ್ಸಿನಲ್ಲೇ ಬೇಡಿಕೊಂಡೆ. ಕೌದಿ ಹಾಳಾಗಿ ಹೋಗಲಿ, ಬೇಕಾದರೆ ಸುಟ್ಟುಬಿಡುತ್ತೇನೆ, ಈ ಕೈ ಒಂದು ವಾಪಸ್ ಬರಲಿ. ಅತ್ತೆ ಮಾತ್ರ ಎಡಗೈಯಲ್ಲಿ ಸುಣ್ಣದ ಡಬ್ಬಿ ಹುಡುಕಿಕೊಳ್ಳುತ್ತಾ, ‘ಎಲೆ ತಗೊಂಡ್ ಬರೋದ್ ಮರ್ತೆ ನೋಡು’ ಅಂತ ಪೇಚಾಡುತ್ತಿದ್ದರು.

ಡಾಕ್ಟರಮ್ಮ ಬಿಪಿ ನೋಡಿದರು. ಎರಡೂ ಕೈ ಮುಂದಕ್ಕೆ ಚಾಚಿಸಿದರು, ಕಾಲು ಎತ್ತಿಸಿದರು, ಹೆಸರು ಹೇಳಿಸಿದರು. ಒಂದೊಂದು ಬೆರಳನ್ನೂ ಹತ್ತಿಯಿಂದ ಸವರಿ, ಗೊತ್ತಾಗುತ್ತಾ, ಗೊತ್ತಾಗುತ್ತಾ ಅಂತ ಕೇಳಿದರು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳಿಗೆ ಗೊತ್ತಾಗಲಿಲ್ಲ. ಕಿರುಬೆರಳಿಗೆ ಗೊತ್ತಾಯಿತು. ಆಮೇಲೆ ಮಣಿಕಟ್ಟನ್ನು ಬಗ್ಗಿಸಿ ಹಿಡಿದಾಗ ಅತ್ತೆ ‘ಅಯ್ಯಪ್ಪಾ’ ಅಂದರು.

‘ಗಾಬ್ರಿ ಬೇಡ’ ಅಂದರು ಡಾಕ್ಟರಮ್ಮ. ‘ಲಕ್ವ ಅಲ್ಲ. ಮಣಿಕಟ್ಟಲ್ಲಿ ನರ ಒತ್ಕೊಂಡಿದೆ, ಅಷ್ಟೆ. ಪಟ್ಟಿ ಕಟ್ಕೊಂಡು ರೆಸ್ಟ್ ಕೊಟ್ರೆ ಸರಿಹೋಗುತ್ತೆ.’

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ನನ್ನ ಜೀವನದಲ್ಲಿ ಅಷ್ಟು ನಿರಾಳವಾದ ಉಸಿರು ಎಂದೂ ಬಿಟ್ಟಿಲ್ಲ.

‘ಒಂದೇ ಸಮ ಕೈಕೆಲಸ ಮಾಡೋರಿಗೆ ಹಿಂಗಾಗೋದು. ಅಜ್ಜಿ ಈಗೇನಾದ್ರೂ ಹೊಲಿಗೆ ಗಿಲಿಗೆ ಮಾಡ್ತಿದ್ರಾ?’ ಅಂತ ಡಾಕ್ಟರಮ್ಮ ಕೇಳಿದರು.

‘ಇಲ್ಲ ಡಾಕ್ಟ್ರೇ’ ಅಂದೆ, ಬಹಳ ತಿಳಿದವಳ ಹಾಗೆ. ‘ಅತ್ತೆ ಸೂಜಿ ಮುಟ್ಟಿ ನಾಲ್ಕ್ ವರ್ಷ ಆಯ್ತು.’

ಡಾಕ್ಟರಮ್ಮ ಅತ್ತೆಯ ಎಡಗೈಯನ್ನು ಮಗುಚಿ ಬೆಳಕಿಗೆ ಹಿಡಿದರು. ಹೊಲಿಯುವಾಗ ಬಟ್ಟೆಯ ಅಡಿಗೆ ಕೊಡುವ ತೋರುಬೆರಳಿನ ತುದಿಯ ತುಂಬ ಸೂಜಿ ಚುಚ್ಚಿದ ಗುರುತು. ಹಳೆಯವು, ಹೊಸವು, ಒಂದರ ಮೇಲೊಂದು. ಅವರು ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಅತ್ತೆ ಬಾಗಿಲಾಚೆ ಕಾಯುವ ಕೋಣೆಯ ಬೋಳು ಗೋಡೆಯ ಕಡೆ ನೋಡುತ್ತಿದ್ದರು.

‘ಇದೇ ಗೋಡೆಗಾ ಕೌದಿ?’ ಅಂದರು.

ವಾಪಸ್ ಬರುವಾಗ ಆಟೋದಲ್ಲಿ ಒಂದೊಂದಾಗಿ ಬಾಯಿಬಿಡಿಸಿದೆ. ನಾನು ಅಂಗಡಿಗೆ ಹೋದ ಮೇಲೆ ದಿನಾ ಮಧ್ಯಾಹ್ನ ಹೊಲಿಯುತ್ತಿದ್ದರಂತೆ. ನಾನು ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರಂತೆ.

‘ಬಿಚ್ಚಿದ್ರಾ?’

‘ಮತ್ತಿನ್ನೇನು? ನಿನ್ ಹೊಲಿಗೇಲಿ ಕಾಲುಂಗುರ ಸಿಕ್ಕಾಕ್ಕೊಳ್ತಿತ್ತು. ಅದನ್ನ ಊರೋರು ನೋಡ್ಬೇಕಾ?’

‘ಹಂಗಿದ್ರೆ ಆ ಕೆಂಪು ಕಲೆ?’

‘ಸುಣ್ಣ ಕಣೇ. ಬೆರಳಲ್ಲಿತ್ತು, ನೋಡ್ಲಿಲ್ಲ. ಅಡಿಕೆ ಬಣ್ಣಕ್ಕೆ ಸುಣ್ಣ ತಾಗಿದ್ರೆ ಕೆಂಪಾಗ್ದೆ ಇನ್ನೇನಾಗುತ್ತೆ? ಇಷ್ಟು ವರ್ಷ ನನ್ ಬಾಯಿ ನೋಡಿದೀಯ, ಅಷ್ಟೂ ಗೊತ್ತಾಗ್ಲಿಲ್ವ ನಿಂಗೆ?’

ಆಟೋದವನು ನಕ್ಕುಬಿಟ್ಟ. ನನಗೂ ತಡೆಯಲಾಗಲಿಲ್ಲ. ತಾಂಬೂಲ ಹಾಕುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನು ಮಾತ್ರ ಕುಂಕುಮ ಅಂತ ಹೇಳಿ ಒಬ್ಬ ಪಾಪದ ಹೆಂಗಸಿನ ಮೇಲೆ ಎಗರಿದ್ದೆ. ಆ ಎದುರು ಮನೆಯಾಕೆಯ ಹತ್ತಿರ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡೆ. ಮೊದಲು ಮುಖ ತಿರುಗಿಸಿದಳು, ಸುಣ್ಣದ ಕಥೆ ಕೇಳಿದ ಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ಈಗ ಮತ್ತೆ ಹೋಗಿ ಬಂದು ಮಾಡುತ್ತೇವೆ. ಕೌದಿಯನ್ನು ಕಲೆ ಸಮೇತ ಡಾಕ್ಟರಮ್ಮನಿಗೆ ಕೊಟ್ಟೆ, ನಡೆದದ್ದನ್ನೂ ಹೇಳಿದೆ. ಬೇರೆ ಬಟ್ಟೆ ಹಾಕಿ ಮುಚ್ಚಬೇಡಿ ಅಂದರು. ಅದರ ಕೆಳಗೆ ಕೂತ ರೋಗಿಗಳು, ಆ ಕಲೆ ಕಣದಲ್ಲಿ ಹರವಿದ ಮೆಣಸಿನಕಾಯಿ ಅಂತ ಒಬ್ಬರು, ಅಲ್ಲ ಮುತ್ತುಗದ ಹೂವು ಅಂತ ಇನ್ನೊಬ್ಬರು ವಾದ ಮಾಡುವುದನ್ನು ನಾನೇ ಕೇಳಿದ್ದೇನೆ. ಮೂರು ವಾರಕ್ಕೆ ಅತ್ತೆಯ ಬೆರಳಿಗೆ ಸ್ಪರ್ಶ ಬರತೊಡಗಿತು. ಎರಡು ತಿಂಗಳಾಗುವಷ್ಟರಲ್ಲಿ ಸೊಪ್ಪು ಬಿಡಿಸುತ್ತಿದ್ದರು.

ಆದರೆ ನನಗೆ ಮರೆಯಲಾಗದ್ದು ಆ ಸೋಮವಾರದ ಮಧ್ಯಾಹ್ನ. ಮನೆಗೆ ಬಂದ ತಕ್ಷಣ ಟ್ರಂಕಿನ ಮೇಲಿದ್ದ ಕೌದಿಯನ್ನು ಬಿಡಿಸಿ ನೋಡಿದೆ. ನಡುವೆ ಉಳಿದಿದ್ದ ಒಂದು ಗೇಣು ಪೂರ್ತಿ ತುಂಬಿತ್ತು. ಮೋಡದ ನೆರಳಿನ ಮೇಲೆ ಅಷ್ಟು ಒತ್ತಾದ, ಅಷ್ಟು ಸಣ್ಣ ಹೊಲಿಗೆ ಕೌದಿಯ ಬೇರೆ ಎಲ್ಲೂ ಇರಲಿಲ್ಲ. ಶನಿವಾರ ನಾನು ಎಸೆದಾಗ ಅದು ಖಾಲಿ ಇತ್ತು. ಅಂದರೆ ಭಾನುವಾರ ನಾವಿಲ್ಲದಾಗ ಇಡೀ ದಿನ ಕೂತು ಹೊಲಿದಿದ್ದರು. ಕೈ ಜೋಮು ಹಿಡಿದದ್ದು ಆ ಒಂದು ದಿನದ ಹೊಲಿಗೆಗೆ.

ಮುದ್ದೆ, ಬಸ್ಸಾರು ಮಾಡಿದೆ. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಅತ್ತೆ ತಟ್ಟೆಯ ಮುಂದೆ ಸುಮ್ಮನೆ ಕೂತರು. ಚಮಚ ಕೊಟ್ಟರೆ ಬೇಡ ಅಂದರು. ಎಡಗೈಯಲ್ಲಂತೂ ಸತ್ತರೂ ಉಣ್ಣುವವರಲ್ಲ. ನಾನು ಎದುರಿಗೆ ಕೂತು ತಟ್ಟೆಯನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ನುಂಗಿದರು. ‘ಉಪ್ಪು ಕಮ್ಮಿ’ ಅಂದರು. ಇನ್ನೊಂದು ತುತ್ತು ಇಟ್ಟೆ.

‘ಅತ್ತೆ, ಶನಿವಾರ ನಾನು ಬಾಗಿಲಲ್ಲಿ ನಿಂತ್ಕೊಂಡು ಅಂದಿದ್ದು ನಿಮಗ್ ಕೇಳಿಸ್ತಾ?’

‘ಕೇಳಿಸ್ತು.’

‘ಕೇಳಿಸ್ಕೊಂಡೂ ಮಾರನೇ ದಿನ ಹೊಲಿದ್ರಾ?’

‘ನಡುವೆ ಒಂದ್ ಗೇಣು ಉಳ್ದಿತ್ತಲ್ಲೇ’ ಅಂದರು ಅತ್ತೆ. ‘ನೀನ್ ಬಯ್ದಿದ್ದು ಯಾರ್ನೋ. ಕೌದಿ ನಿಂದಲ್ವಾ.’

ಮುಂದಿನ ತುತ್ತಿಗೆ ಬಾಯಿ ತೆರೆದರು. ನನ್ನ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಗೆಲ್ಲ ಸಾರು. ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ, ಹಾಗೇ ತಿನ್ನಿಸಿದೆ.